ಎಂಜಿನ್ನಿಗೆ ಎಣ್ಣೆ ಕುಡಿಸುವ ದಿನ

ನಮ್ಮ ಮನೆಯ ಮೂಲೆಯಲ್ಲಿ ಒಬ್ಬಾಕೆ ನಿಂತಿದ್ದಾಳೆ. ನನ್ನದೇ ಹಳೆಯ ನೂಲಿನ ಸೀರೆ ಉಟ್ಟಿದ್ದಾಳೆ, ತಲೆತುಂಬ ಸೆರಗು ಹೊದ್ದಿದ್ದಾಳೆ, ಎತ್ತರದಲ್ಲಿ ನನ್ನ ಎದೆಯ ಮಟ್ಟಕ್ಕೆ ಬರುತ್ತಾಳೆ. ಮೊನ್ನೆ ಏನೋ ಗಣತಿ ಎಂದು ಕಾಗದ ಹಿಡಿದುಕೊಂಡು ಬಂದ ಅಂಗನವಾಡಿಯ ಹೊಸ ಟೀಚರು ಹೊಸ್ತಿಲಲ್ಲೇ ನಿಂತು, "ಆಯಿ, ಮನ್ಯಾಗ ಎಷ್ಟ ಮಂದಿ ಅದೀರಿ?" ಎಂದು ಕೇಳಿದಳು.

"ಒಬ್ಬಾಕಿ," ಎಂದೆ.

ಅವಳು ಬಗ್ಗಿ ಒಳಗೆ ನೋಡಿದಳು. "ಮತ್ತ ಅಲ್ಲಿ ನಿಂತಾರಲ್ರಿ, ಅವರು?"

"ಅಕಿ ಉಣ್ಣಂಗಿಲ್ಲ, ತಿನ್ನಂಗಿಲ್ಲ. ಅಕಿನ್ನ ಬರಕೋಬ್ಯಾಡ."

"ಆರಾಮಿಲ್ಲೇನ್ರಿ ಅವರಿಗೆ?"

"ಗಟ್ಟಿ ಅದಾಳ. ಮಲಗ್ಯಾಳ ಅಷ್ಟ. ಮಿರಗದ ಮಳಿ ಬಿದ್ದ ಕೂಡಲೆ ಏಳ್ತಾಳ."

"ನಿಂತಕೊಂಡ ಮಲಗ್ಯಾರೇನ್ರಿ?" ಎಂದು ಆ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಸೀರೆ ಸರಿಸಿ ತೋರಿಸಿದ ಮೇಲೆ ನಕ್ಕಳು, ಒಂದು ತಂಬಿಗೆ ನೀರು ಕುಡಿದಳು, ಹೋದಳು. ಇಂಥ ಚೇಷ್ಟೆ ಮಾಡುವ ಚಟ ನನಗಿದೆ. ಬಾಗಿಲಿಗೆ ಬಂದವರನ್ನು ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳಲು ಬೇರೆ ಉಪಾಯ ನನಗೆ ಗೊತ್ತಿಲ್ಲ.

ಅದು ನಮ್ಮ ದೋಣಿಯ ಎಂಜಿನ್ನು. ಎಂಜಿನ್ನಿಗೆ ಸೀರೆ ಯಾಕೆ ಎಂದು ನೀವೂ ಕೇಳುತ್ತೀರಿ. ಪ್ಲಾಸ್ಟಿಕ್ಕು ಹೊದಿಸಿದರೆ ಒಳಗೆ ಬೆವರುತ್ತದೆ, ತುಕ್ಕು ಹಿಡಿಯುತ್ತದೆ. ಗೋಣಿಚೀಲ ಹೊದಿಸಿದರೆ ಇಲಿಗೆ ಬಾಣಂತನದ ಕೋಣೆ ಕಟ್ಟಿಕೊಟ್ಟಂತೆ. ನೂಲಿನ ಸೀರೆಯಾದರೆ ಗಾಳಿ ಆಡುತ್ತದೆ, ಧೂಳು ಮಾತ್ರ ಹೊರಗೇ ಉಳಿಯುತ್ತದೆ. ನಿಲ್ಲಿಸಿಯೇ ಇಡಬೇಕು. ಅಡ್ಡ ಮಲಗಿಸಿದರೆ, ಹೊಳೆಯಲ್ಲಿ ಮುಳುಗಿರುವ ಅದರ ಉದ್ದನೆಯ ಕಾಲಿನಲ್ಲಿ ಉಳಿದ ನೀರು ತಲೆಗೆ ಏರುತ್ತದೆ.

ನಮ್ಮ ಊರು ಕಾಗವಾಡ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಈ ದಂಡೆಯಲ್ಲಿ ಕನ್ನಡ, ಆ ದಂಡೆಯಲ್ಲಿ ಮರಾಠಿ. ದೋಣಿ ನಡುನೀರಿಗೆ ಬಂದಾಗ ಯಾವುದರಲ್ಲಿ ಬೇಕಾದರೂ ಬೈಯಬಹುದು, ಎರಡೂ ಕಡೆಯವರಿಗೆ ತಿಳಿಯುತ್ತದೆ. ನದಿಗೆ ಒಂದು ಗಿಡ್ಡ ಸೇತುವೆ ಇದೆ. ಘಟ್ಟದ ಮೇಲೆ ಮಳೆ ಹಿಡಿದರೆ ಸೇತುವೆ ನೀರಿನೊಳಗೆ ಹೋಗುತ್ತದೆ, ಆಗ ಮಂದಿಗೆ ದೋಣಿ ನೆನಪಾಗುತ್ತದೆ. ಆಸ್ಪತ್ರೆಗೆ, ಸಂತೆಗೆ, ಬೀಗರ ಮನೆಗೆ, ಎಲ್ಲದಕ್ಕೂ "ಕಾಶವ್ವಾ, ದೋಣಿ ಬಿಡ್ತಿಯೇನು?" ಎಂದು ಕೂಗುತ್ತಾರೆ. ದೀಪಾವಳಿಯ ಹೊತ್ತಿಗೆ ನೀರು ಇಳಿದು ಸೇತುವೆ ಎಮ್ಮೆಯ ಬೆನ್ನಿನಂತೆ ಮೇಲೆ ಬರುತ್ತದೆ. ಮರುದಿನದಿಂದ ಅದೇ ಮಂದಿ ಮೋಟಾರ್‌ಸೈಕಲ್ಲಿನ ಮೇಲೆ ದಾಟುತ್ತಾರೆ. ನಾನು ದಂಡೆಯಲ್ಲಿ ಕುಳಿತಿದ್ದರೂ ತಿರುಗಿ ನೋಡುವುದಿಲ್ಲ. ಅವರದೇನೂ ತಪ್ಪಿಲ್ಲ. ನಾನೂ ಸೇತುವೆಯ ಮೇಲೇ ದಾಟುತ್ತೇನೆ.

ನಮ್ಮವರು ತೀರಿಕೊಂಡು ನಾಲ್ಕು ವರ್ಷವಾಯಿತು. ಮಕ್ಕಳಾಗಲಿಲ್ಲ. ದೋಣಿ ಮಾರಿಬಿಡು ಎಂದು ಎಲ್ಲರೂ ಹೇಳಿದರು. ಯಾರೂ ಕೊಳ್ಳಲಿಲ್ಲ, ಹೀಗಾಗಿ ನಾನೇ ನಡೆಸುತ್ತೇನೆ. ಇದರಲ್ಲಿ ಶೂರತನವೇನಿಲ್ಲ. ಎಂಜಿನ್ನಿನ ಹಿಡಿಕೆ ತಿರುಗಿಸಿದತ್ತ ದೋಣಿ ಹೋಗುತ್ತದೆ, ಗಳ ಹಿಡಿಯಲು ಮೇಲಿನ ಓಣಿಯ ಒಬ್ಬನಿದ್ದಾನೆ.

ದೀಪಾವಳಿ ಮುಗಿದ ಮೇಲೆ ಎಂಜಿನ್ನನ್ನು ಮನೆಗೆ ತಂದು ಮಲಗಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಅಂಗಳದಲ್ಲಿ ಮರದ ಕುದುರೆಗೆ, ಅಂದರೆ ಎಂಜಿನ್ನು ನಿಲ್ಲಿಸುವ ನಾಲ್ಕು ಕಾಲಿನ ಚೌಕಟ್ಟಿಗೆ, ಅದನ್ನು ಬಿಗಿದು, ಕಾಲನ್ನು ಒಂದು ಡ್ರಮ್ಮಿನೊಳಗೆ ಇಳಿಬಿಡಬೇಕು. ಡ್ರಮ್ಮಿನ ತುಂಬ ಬಾವಿಯ ತಿಳಿನೀರು ಹಾಕಿ ಎಂಜಿನ್ನು ಶುರುಮಾಡಬೇಕು. ಅದು ಕೆಳಗಿನಿಂದ ನೀರು ಎಳೆದುಕೊಂಡು ಪಕ್ಕದ ಸಣ್ಣ ತೂತಿನಿಂದ ಉಚ್ಚೆ ಹೊಯ್ಯುತ್ತದೆ. ಮೊದಲು ಹೊಳೆಯ ರಾಡಿ ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ತಿಳಿಯಾದ ಮೇಲೆ ಪೆಟ್ರೋಲಿನ ನಳ ಬಂದ್ ಮಾಡಿ ಹಾಗೇ ಓಡಲು ಬಿಡಬೇಕು. ಹೊಟ್ಟೆಯಲ್ಲಿ ಇದ್ದಬಿದ್ದ ಪೆಟ್ರೋಲನ್ನೆಲ್ಲ ಕುಡಿದು, ಎರಡು ಸಲ ಕೆಮ್ಮಿ, ತಾನೇ ನಿಲ್ಲುತ್ತದೆ. ಅದು ನಿಂತಾಗ ಅಂಗಳ ಇಷ್ಟು ದೊಡ್ಡದಿತ್ತೇ ಅನಿಸುತ್ತದೆ. ಆಮೇಲೆ ಕಾಲಿನ ತಿರುಪು ಬಿಚ್ಚಿ ಹಳೆಯ ಎಣ್ಣೆ ಇಳಿಸಿ ನೋಡಬೇಕು. ಕರ್ರಗಿದ್ದರೆ ಛಲೋ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ ಎಂದು ತಿಳಿಯಬೇಕು.

ಕೊನೆಯದು ಎಣ್ಣೆ ಕುಡಿಸುವುದು. ಪಾನಾ ಹಾಕಿ ತಲೆಯ ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ಎಂಜಿನ್ ಎಣ್ಣೆ ಹನಿ ಹನಿಯಾಗಿ ಬಿಡಬೇಕು. ಬಿಡುತ್ತಿದ್ದಂತೆ ಇನ್ನೊಬ್ಬರು ಶುರುಮಾಡುವ ಹಗ್ಗವನ್ನು ನಿಧಾನವಾಗಿ ಜಗ್ಗಬೇಕು, ನಿಧಾನವಾಗಿ ಬಿಡಬೇಕು, ಹನ್ನೆರಡು ಸಲ. ಹಾಗೆ ಜಗ್ಗಿದರೆ ಎಣ್ಣೆ ಒಳಗೆಲ್ಲ ಸವರಿಕೊಳ್ಳುತ್ತದೆ, ಏಳು ತಿಂಗಳು ಕುಳಿತರೂ ತುಕ್ಕು ಹಿಡಿಯುವುದಿಲ್ಲ. ಹಗ್ಗವನ್ನು ಒಮ್ಮೆಲೇ ಕೈಬಿಟ್ಟರೆ ತೂತಿನಿಂದ ಎಣ್ಣೆ ಚಿಮ್ಮಿ ಮುಖಕ್ಕೆ ಬೀಳುತ್ತದೆ. ಇದು ಇಬ್ಬರ ಕೆಲಸ. ನನ್ನ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ, ನಾನು ಹನಿ ಬಿಡಬಹುದು, ಜಗ್ಗಲಾರೆ.

ಗಳ ಹಿಡಿಯುವವನನ್ನು ಕರೆದರೆ ಅವನೇ ಬಂದು ಜಗ್ಗುತ್ತಾನೆ. ನಾನು ಕರೆಯುವುದಿಲ್ಲ. ಅವನನ್ನು ಕರೆದರೆ ಬಾಳಪ್ಪ ಬರುವುದಕ್ಕೆ ಕಾರಣ ಉಳಿಯುವುದಿಲ್ಲ.

ಬಾಳಪ್ಪ ನನ್ನ ಮೈದುನ, ನಮ್ಮವರ ತಮ್ಮ. ಬೋರಗಾಂವದಲ್ಲಿ ಪಾವರ್‌ಲೂಮಿನ ಮಗ್ಗ ನಡೆಸುತ್ತಾನೆ. ನಮ್ಮವರ ಮಣ್ಣಿಗೆ ಬಂದವನು ನನ್ನ ಮುಖ ನೋಡದೇ ಹೋಗಿದ್ದ. ಆ ವರ್ಷ ದೀಪಾವಳಿಗೆ, ಎಂಜಿನ್ನು ಮಲಗಿಸಬೇಕು, ಕೈ ಇಲ್ಲ, ಎಂದು ಹೇಳಿ ಕಳಿಸಿದೆ. ಬಂದ. ಅಂದಿನಿಂದ ವರ್ಷಕ್ಕೆ ಒಂದು ದಿನ ಎರಡು ಬಸ್ಸು ಬದಲಿಸಿ ಬರುತ್ತಾನೆ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಇಡೀ ವರ್ಷದಲ್ಲಿ ನನ್ನ ಮನೆಗೆ ನನ್ನವರು ಅಂತ ಬಂದು ಬೆಳಗಿನಿಂದ ಸಂಜೆಯ ತನಕ ಕೂರುವುದು ಅದೊಂದೇ ದಿನ. ಅದಕ್ಕಾಗಿ ನಾನು ಎರಡು ದಿನ ಮೊದಲೇ ಅಂಗಳ ಸಾರಿಸುತ್ತೇನೆ. ಎಂಜಿನ್ನಿಗೆ ಸಗಣಿ ಸಾರಿಸಿದ ಅಂಗಳದಿಂದ ಏನು ಲಾಭ ಎಂದು ಪಕ್ಕದ ಮನೆಯ ಹೌಸಕ್ಕ ನಗುತ್ತಾಳೆ.

ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ನಿಂತು ಬಾಳಪ್ಪನ ಕಿವಿ ಹೋಗಿವೆ. ಅವನಿಗೆ ಏನು ಹೇಳಬೇಕಾದರೂ ಕೂಗಬೇಕು. ಅವನೂ ಕೂಗುತ್ತಾನೆ. ಆ ದಿನ ನಮ್ಮ ಅಂಗಳದಲ್ಲಿ ಜಗಳ ನಡೆದಿದೆ ಎಂದು ಹೊಸಬರು ಇಣುಕಿ ನೋಡುತ್ತಾರೆ.

"ವೈನಿ! ಉಪ್ಪಿಟ್ಟಿಗೆ ಉಪ್ಪ ಹಾಕೂದು ಬಿಟ್ಟಿ ಏನು?"

"ನಿನ್ನ ನಾಲಿಗಿನೂ ಕಿವಿಯಂಗ ಆಗೈತಿ, ತಿನ್ನು!"

"ಆಂ?"

"ತಿನ್ನು ಅಂದೆ!"

ಬರುವಾಗ ಅವನು ಮಗ್ಗದಲ್ಲಿ ಕೆಟ್ಟು ಹೋದ ಬಟ್ಟೆಯ ತುಂಡುಗಳನ್ನು ತರುತ್ತಾನೆ, ಎಂಜಿನ್ನು ಒರೆಸಲು. ಜೊತೆಗೆ ಒಂದು ಹೊಸ ಎಣ್ಣೆಯ ಬಾಟ್ಲಿ. ಆ ಬಾಟ್ಲಿಯ ಮಾತಿಗೆ ಬರುವ ಮೊದಲು ನಮ್ಮ ತವರಿನ ಎಣ್ಣೆಯ ಮಾತು ಹೇಳಬೇಕು. ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೇ, ಒಂದು ಸಾಲು ಬರೆಯುವಷ್ಟರಲ್ಲಿ ದೋಣಿ ಒಂದು ಸಲ ಹೋಗಿ ಬರಬಹುದು, ಆದರೂ ಇದನ್ನು ಬಿಟ್ಟರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ನನ್ನ ತವರು ಕೊಕಟನೂರು. ಅಲ್ಲಿ ಹೊಳೆ ಇಲ್ಲ, ಕರಿನೆಲ, ಬಿಳಿಜೋಳ, ನಡುನಡುವೆ ಕುಸುಬಿ. ಮದುವೆಯಾಗಿ ಬರುವ ತನಕ ನಾನು ಮೊಳಕಾಲಿನ ಮೇಲೆ ನೀರು ಕಂಡವಳಲ್ಲ. ನಮ್ಮ ಆಯಿ ವರ್ಷಕ್ಕೊಮ್ಮೆ ಗಾಣದಿಂದ ಕುಸುಬಿ ಎಣ್ಣೆ ತಂದು ಮಣ್ಣಿನ ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಒಗ್ಗರಣೆಗೂ ಅದೇ, ತಲೆಗೂ ಅದೇ. ಕಿವಿ ನೋವಿಗೆ ಎರಡು ಹನಿ. ಕದ ಕಿರ್ ಎಂದರೆ ಒಂದು ಹನಿ. ಅಪ್ಪನ ಚಪ್ಪಲಿ ಬಿರಿದರೆ ಅದನ್ನೇ ಕಾಸಿ ಸವರುವುದು, ಕುರಿಯ ಕಾಲಿಗೆ ಹುಣ್ಣಾದರೆ ಅರಿಶಿನ ಕಲಸಿ ಹಚ್ಚುವುದು, ಗಾಡಿಯ ಅಚ್ಚಿಗೆ ಹಳೆಯ ಎಣ್ಣೆ, ಯಲ್ಲಮ್ಮನ ದೀಪಕ್ಕೆ ಹೊಸ ಎಣ್ಣೆ. ಒಮ್ಮೆ ಚಿಕ್ಕಪ್ಪ ಅಥಣಿಯಿಂದ ತಂದ ಗಡಿಯಾರ ನಿಂತಾಗ ಆಯಿ ಅದಕ್ಕೂ ಕುಡಿಸಿದಳು. ಎರಡು ದಿನ ನಡೆಯಿತು. ಮೂರನೆಯ ದಿನ ನಿಂತದ್ದು ಮತ್ತೆ ನಡೆಯಲಿಲ್ಲ. "ಆಯುಷ್ಯ ಮುಗದಿತ್ತು ಅದರದು," ಎಂದಳು ಆಯಿ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಮದುವೆಯಾಗಿ ಬಂದಾಗ ನಮ್ಮವರು, ಬಾಳಪ್ಪ, ಇಬ್ಬರೂ ಹುಟ್ಟು ಹಾಕಿ ದೋಣಿ ನಡೆಸುತ್ತಿದ್ದರು. ಬಾಳಪ್ಪನಂಥ ಹುಟ್ಟು ಹಾಕುವವನು ಎರಡೂ ದಂಡೆಯಲ್ಲಿ ಇರಲಿಲ್ಲ. ಸೆಳೆತದ ನೀರಿನಲ್ಲಿ ದೋಣಿಯನ್ನು ಕೂಸಿನಂತೆ ಎತ್ತಿಕೊಂಡು ಹೋದಹಾಗೆ ಕಾಣುತ್ತಿತ್ತು. ನಮ್ಮವರಿಗೆ ಮೀರಜದಿಂದ ಒಂದು ಹಳೆಯ ಎಂಜಿನ್ನು ತರುವ ಹುಚ್ಚು ಹತ್ತಿತು. ಬಾಳಪ್ಪ ಬೇಡ ಎಂದ.

"ಅಣ್ಣಾ, ಆ ಕಬ್ಬಿಣದ ಗಂಟ ಕೆಡತೈತಿ. ನನ್ನ ತೋಳ ಯಾವತ್ತರ ಕೆಟ್ಟಾವೇನು?"

"ನಿನ್ನ ತೋಳ ನೋಡಿ ಮಂದಿ ಚಪ್ಪಾಳಿ ಬಡೀತಾರ, ಅದಕ್ಕ ನಿನಗ ಬ್ಯಾಡಾಗೈತಿ," ಎಂದರು ನಮ್ಮವರು.

ಎಂಜಿನ್ನು ಬಂತು. ಒಂದು ಮಳೆಗಾಲ ಗುಡುಗಿತು. ಬಾಳಪ್ಪ ಮುಖ ಊದಿಸಿಕೊಂಡು ದೋಣಿಯ ಮುಂದೆ ಕುಳಿತಿರುತ್ತಿದ್ದ. ದೀಪಾವಳಿ ಮುಗಿದ ಮೇಲೆ ನಮ್ಮವರು ಮೀರಜದ ಮಿಸ್ತ್ರಿ ಹೇಳಿಕೊಟ್ಟಂತೆ ಎಲ್ಲ ಮಾಡಿದರು. ಎಣ್ಣೆ ಕುಡಿಸುವುದೊಂದು ಉಳಿದಾಗ ಯಾರದೋ ಪಂಚಾಯಿತಿಗೆ ಕರೆ ಬಂತು. "ಬಾಳಪ್ಪ ಬಂದ ಕೂಡಲೆ ಆ ಬಾಟ್ಲಿ ಕೊಡು, ಎಣ್ಣಿ ಹಾಕಿ ಜಗ್ಗಲಿ," ಎಂದು ನನಗೆ ಹೇಳಿ ಹೋದರು. ಬಾಟ್ಲಿ ಒಲೆಯ ಪಕ್ಕದ ಗೂಡಿನಲ್ಲಿತ್ತು. ನಾನು ಕಸಬರಿಗೆಯ ಹಿಡಿಯಿಂದ ಅದನ್ನು ಕೆಡವಿದೆ. ಮುಚ್ಚಳ ಸಡಿಲವಿತ್ತು. ಮುಕ್ಕಾಲು ಪಾಲು ನೆಲ ಕುಡಿಯಿತು.

ನಮ್ಮವರು ಕೈ ಎತ್ತಿದವರಲ್ಲ, ಆದರೆ ಅವರ ಬಾಯಿ ಊರಿಗೆ ಕೇಳುವಂಥದ್ದು. ಬೈದರೆ ಒಂದು ವಾರ. ಆ ವಾರಕ್ಕೆ ಹೆದರಿದೆ. ಗಡಿಗೆಯಿಂದ ಕುಸುಬಿ ಎಣ್ಣೆ ತೆಗೆದು ಬಾಟ್ಲಿ ತುಂಬಿದೆ, ಅಲ್ಲಾಡಿಸಿದೆ, ಬಣ್ಣ ಸ್ವಲ್ಪ ಕೂಡಿತು. ಮೋಸ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು, ಕೇಡು ಮಾಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಚಪ್ಪಲಿಗೆ, ಗಾಡಿಗೆ, ಕಿವಿಗೆ ಆದದ್ದು ಎಂಜಿನ್ನಿಗೆ ಯಾಕಾಗಬಾರದು ಎಂದುಕೊಂಡೆ. ಬಾಳಪ್ಪ ಹೊಲದಿಂದ ಬಂದ, ನಾನು ಬಾಟ್ಲಿ ಕೊಟ್ಟೆ, ಅವನು ಸುರಿದ, ನಾನು ಕುದುರೆ ಹಿಡಿದುಕೊಂಡೆ, ಅವನು ಜಗ್ಗಿದ. ಬೇಡವಾದ ಎಂಜಿನ್ನಾದರೂ ಹನ್ನೆರಡು ಸಲ ಎಣಿಸಿ ಜಗ್ಗಿದ.

ಏಳು ತಿಂಗಳು. ನಡುವೆ ಬೇಸಿಗೆ. ಕುಸುಬಿ ಎಣ್ಣೆ ತೆಳ್ಳಗೆ ಸವರಿ ಬಿಟ್ಟರೆ ಒಣಗಿ ಅಂಟಾಗುತ್ತದೆ ಎಂದು ಈಗ ನನಗೆ ಗೊತ್ತು. ಜೂನಿನಲ್ಲಿ ಮಿರಗದ ಮಳೆ ಬಂತು, ಸೇತುವೆ ಮುಳುಗಿತು, ದಂಡೆಯ ಮೇಲೆ ಮಂದಿ ಕೊಡೆ ಹಿಡಿದು ನಿಂತಿದ್ದರು. ನಮ್ಮವರು ಹಗ್ಗ ಜಗ್ಗಿದರು. ಹಗ್ಗ ಬರಲಿಲ್ಲ. ಹುಣಸೆಮರಕ್ಕೆ ಕಟ್ಟಿದ ಹಗ್ಗ ಜಗ್ಗಿದ ಹಾಗಿತ್ತು. ಮೀರಜಕ್ಕೆ ಒಯ್ದರು, ಮಿಸ್ತ್ರಿ ಬಿಚ್ಚಿದ. ಒಳಗೆ ಹಳದಿ ಅಂಟು, ಹಲಸಿನ ಹಣ್ಣಿನದಂಥದ್ದು. ಅವನು ಉಗುರಿನಿಂದ ಕೆರೆದು ಮೂಸಿ, "ಹ್ಯಾತ ಖಾಯಾಚಂ ತೇಲ ಘಾತಲಂಯ ಕುಣೀತರಿ," ಎಂದನಂತೆ. ಯಾರೋ ಇದರಲ್ಲಿ ತಿನ್ನುವ ಎಣ್ಣೆ ಹಾಕಿದ್ದಾರೆ ಎಂದು.

ನಮ್ಮವರು ಮನೆಗೆ ಬಂದು ಬಾಳಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

"ಏನ ಹಾಕಿದ್ದಿಲೇ ಅದರಾಗ?"

"ಬಾಟ್ಲ್ಯಾಗ ಇದ್ದದ್ದ ಹಾಕೀನಿ."

"ಎಂಜಿನ್ ಬ್ಯಾಡಾಗಿತ್ತು ನಿನಗ. ಕೊಂದಿ ಅದನ್ನ. ಬೇಕಂತ ಕೊಂದಿ!"

"ಯಲ್ಲಮ್ಮನ ಆಣಿ ಮಾಡಿ ಹೇಳ್ತೀನಿ ಅಣ್ಣಾ, ಬಾಟ್ಲ್ಯಾಗ ಇದ್ದದ್ದ ಹಾಕೀನಿ."

"ದೇವರ ಹೆಸರ ತಗೀಬ್ಯಾಡ ಈ ಬಾಯಾಗ!"

ಬಾಟ್ಲಿ ಕೊಟ್ಟ ವೈನಿಯನ್ನೂ ಒಂದು ಮಾತು ಕೇಳು ಎಂದು ಬಾಳಪ್ಪ ಹೇಳಬಹುದಿತ್ತು. ಹೇಳಲಿಲ್ಲ. ಹೇಳಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ವೈನಿಯ ಮೇಲೆ ಅವನಿಗೆ ಅಷ್ಟು ನಂಬಿಕೆ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ದಿನ ಎಷ್ಟು ರೊಟ್ಟಿ ಬಡಿದೆನೋ, ಮೂರು ದಿನ ತಿಂದೆವು. ಬಾಳಪ್ಪ ತಿನ್ನಲಿಲ್ಲ. ಮರುದಿನ ಬೋರಗಾಂವಕ್ಕೆ ಹೋದ. ನೀರಿನ ಮೇಲೆ ಬದುಕಿದವನು ನಾಲ್ಕು ಗೋಡೆಯ ನಡುವೆ ಮಗ್ಗದ ಮುಂದೆ ನಿಂತ.

ಮೊದಲು ಹೆದರಿಕೆಗೆ ಸುಮ್ಮನಿದ್ದೆ. ಆಮೇಲೆ, ಸುಮ್ಮನಿದ್ದೆನಲ್ಲ ಎಂಬುದೇ ಹೆದರಿಕೆಯಾಯಿತು. ನಾಳೆ ಹೇಳಿದರಾಯಿತು ಎಂದು ವಾರ ಹೋಯಿತು, ಹೇಳಿದರೆ ಈಗ ಬೈಯುವುದು ಎರಡು ವಾರವಾಗುತ್ತದೆ ಎಂದು ತಿಂಗಳು ಹೋಯಿತು. ಎಂಜಿನ್ನಿನ ಹೊಟ್ಟೆಯೊಳಗಿನದನ್ನೆಲ್ಲ ಬದಲಿಸಿ ನಮ್ಮವರು ಮತ್ತೆ ಓಡಿಸಿದರು. ಅಣ್ಣ ತಮ್ಮ ಮಾತ್ರ ಮತ್ತೆ ಮಾತಾಡಲಿಲ್ಲ. ನಮ್ಮವರು ಸಾಯುವ ಮುಂದೆ ಒಂದು ತಿಂಗಳು ಹಾಸಿಗೆಯಲ್ಲಿದ್ದರು. ಬೇಕಾದಷ್ಟು ಹೊತ್ತಿತ್ತು. ಆಗಲೂ ಹೇಳಲಿಲ್ಲ. ಸಾಯುವವರಿಗೆ ತೊಂದರೆ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ತೊಂದರೆ ಬೇಡವಾಗಿತ್ತು.

ಈಗ ಬಾಳಪ್ಪನ ಬಾಟ್ಲಿಯ ಮಾತು. ಪ್ರತಿ ವರ್ಷವೂ ಅವನು ಎಣ್ಣೆ ಹಾಕುವ ಮೊದಲು ನನ್ನನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಾನೆ. ಕೋರ್ಟಿನ ಹಾಗೆ.

"ವೈನಿ, ಇಲ್ಲಿ ನೋಡು. ಸೀಲ ಐತಿಲ್ಲೊ?"

"ಐತಿ!"

"ಒಡೀಲ್ಯಾ?"

"ಒಡಿ!"

ಒಡೆದು ನನ್ನ ಮೂಗಿನ ಹತ್ತಿರ ಹಿಡಿಯುತ್ತಾನೆ. "ಮೂಸು. ಏನ ವಾಸನಿ?"

"ಎಂಜಿನ್ ಎಣ್ಣಿದು!"

"ಹಾಂ. ನೀನ ಸಾಕ್ಷಿ," ಎಂದು ನಗುತ್ತಾನೆ.

ಮೊದಲ ವರ್ಷ ನಾನೂ ನಕ್ಕೆ. ಎರಡನೆಯ ವರ್ಷ ಅವನು ಹೋದ ಮೇಲೆ ಊಟ ಸೇರಲಿಲ್ಲ. ಹೇಳಿಬಿಡಬೇಕು ಎಂದು ಪ್ರತಿ ಸಲ ಬಾಯಿಗೆ ಬರುತ್ತಿತ್ತು. ಹೇಳಿದರೆ ಅವನು ಬರುವುದು ನಿಲ್ಲುತ್ತದೆ. ಅವನು ಬರುವುದು ನಿಂತರೆ ಆ ಒಂದು ದಿನವೂ ಉಳಿದ ದಿನಗಳ ಹಾಗೆಯೇ. ನನಗೆ ಆ ದಿನ ಬೇಕಿತ್ತು. ಮುಚ್ಚುಮರೆ ಏಕೆ, ಉಪ್ಪಿಲ್ಲದ ಉಪ್ಪಿಟ್ಟಿಗೆ ಬೈಯುವವನೊಬ್ಬ ನನಗೆ ಬೇಕಾಗಿತ್ತು.

ಈ ವರ್ಷ ಬಂದಾಗ ಬಾಳಪ್ಪ ಬಹಳ ಕೆಮ್ಮುತ್ತಿದ್ದ. ಹತ್ತಿಯ ಧೂಳು. ಕೆಮ್ಮುತ್ತಲೇ ಎಂಜಿನ್ನನ್ನು ದೋಣಿಯಿಂದ ಬಿಚ್ಚಿ ಹೆಗಲ ಮೇಲೆ ತಂದ, ನಾನು ಕೈಗಾಡಿ ತಂದಿದ್ದರೂ ಕೇಳಲಿಲ್ಲ. ತೊಳೆದದ್ದಾಯಿತು, ಪೆಟ್ರೋಲು ಸುಟ್ಟದ್ದಾಯಿತು, ಕಾಲಿನ ಎಣ್ಣೆ ಕರ್ರಗೇ ಬಂತು. "ಭೇಷ್, ನೀರ ಹೊಕ್ಕಿಲ್ಲ!" ಎಂದು ಕೂಗಿದ. ಪ್ಲಗ್ಗು ಬಿಚ್ಚಿದ. ಬಾಟ್ಲಿ ತೆಗೆದ.

ಸೀಲು ನೋಡಿದ್ದಾಯಿತು, ಒಡೆದದ್ದಾಯಿತು, ಮೂಸಿದ್ದಾಯಿತು. ನಾನು ಬಾಟ್ಲಿ ಹಿಡಿದು ಹನಿ ಬಿಡತೊಡಗಿದೆ. ಅವನು ಜಗ್ಗತೊಡಗಿದ. "ಒಂದು... ಎರಡು..."

ಮೂರಕ್ಕೆ ಕೆಮ್ಮು ಬಂತು. ಹಗ್ಗ ಬಿಡದೇ ಕೆಮ್ಮಿದ. ಆಮೇಲೆ ಹೇಳಿದ, "ವೈನಿ, ನಮ್ಮಿಬ್ಬರಾಗ ಯಾರ ಮೊದಲ ಹೋಗ್ತೇವೋ ಗೊತ್ತಿಲ್ಲ. ನೀ ಮೊದಲ ಹೋದರ ಅಣ್ಣಗ ಹೇಳು. ಬಾಳ್ಯಾ ಪ್ರತಿ ವರ್ಷ ಸೀಲ ಒಡದು, ತೋರಿಸಿ, ಎಣ್ಣಿ ಹಾಕತಿದ್ದ ಅಂತ ಹೇಳು. ನನ್ನ ಮಾತ ಅಂವ ನಂಬಲಿಲ್ಲ. ನಿನ್ನ ಮಾತ ನಂಬ್ತಾನ."

ನಾನು ಬಾಟ್ಲಿ ಕೆಳಗಿಟ್ಟೆ. "ಬಾಳಪ್ಪ, ಆ ಸಲ ಬಾಟ್ಲ್ಯಾಗ ಕುಸುಬಿ ಎಣ್ಣಿ ಹಾಕಿದಾಕಿ ನಾನು," ಎಂದೆ.

"ಆಂ? ಕೇಳವಲ್ದು, ಜೋರ ಹೇಳು."

ಮೂವತ್ತು ವರ್ಷದ ಮೇಲೆ ಒಮ್ಮೆ ಬಾಯಿ ಬಿಟ್ಟೆ, ಅದು ಅವನಿಗೆ ಕೇಳಲಿಲ್ಲ. ನನಗೆ ಹಾಯೆನಿಸಿತು ಎಂದರೆ ನೀವು ನಂಬಬೇಕು. ಏನಿಲ್ಲ, ಹಗ್ಗ ಜಗ್ಗು, ಎಂದರೆ ಮುಗಿಯುತ್ತಿತ್ತು. ಆ ಕಡೆಯ ಅಂಗಳದಲ್ಲಿ ಹೌಸಕ್ಕ ಶೇಂಗ ಬಡಿಯುತ್ತಿದ್ದಳು. ಗುಟ್ಟು ಮಾತನ್ನು ಕಿವುಡನಿಗೆ ಹೇಳುವುದೆಂದರೆ ಊರಿಗೇ ಹೇಳಿದಂತೆ. ಆದರೆ ಅವನು ಬಾಯಿ ತೆರೆದು, ಕಿವಿ ನನ್ನ ಕಡೆ ಮಾಡಿ ನಿಂತಿದ್ದ. ಅಷ್ಟು ನಂಬಿಕೆಯಿಂದ ಯಾರೂ ನನ್ನ ಮಾತಿಗೆ ಕಾದದ್ದು ನೆನಪಿಲ್ಲ.

"ಆ ಎಣ್ಣಿ ನಾ ತುಂಬಿದ್ದೆ!" ಎಂದು ಕೂಗಿದೆ. "ಖರೇ ಎಣ್ಣಿ ನನ್ನ ಕೈಲೆ ಚೆಲ್ಲಿತ್ತು! ಒಲಿ ಮುಂದಿನ ಕುಸುಬಿ ಎಣ್ಣಿ ತುಂಬಿ ನಿನ್ನ ಕೈಯಾಗ ಕೊಟ್ಟಾಕಿ ನಾನ! ನಿನ್ನದೇನೂ ತಪ್ಪಿಲ್ಲ ಬಾಳಪ್ಪಾ!"

ಹೌಸಕ್ಕನ ಬಡಿಗೆ ನಿಂತಿತು.

ಬಾಳಪ್ಪನ ಕೈಯಲ್ಲಿ ಹಗ್ಗ ಅರ್ಧ ಹೊರಗೆ ಬಂದಿತ್ತು. ಅವನು ಪೂರಾ ಜಗ್ಗಲಿಲ್ಲ, ಬಿಡಲೂ ಇಲ್ಲ. ಬಿಟ್ಟಿದ್ದರೆ ಎಣ್ಣೆ ನನ್ನ ಮುಖಕ್ಕೆ ಚಿಮ್ಮುತ್ತಿತ್ತು. ಹಿಡಿದುಕೊಂಡೇ ಕೇಳಿದ, ಈ ಸಲ ಮೆಲ್ಲಗೆ. ತನ್ನ ದನಿ ತನಗೇ ಕೇಳದ ಹಾಗೆ.

"ಅಣ್ಣಗ ಹೇಳಿದ್ದೇನು?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಸಾಯೂ ಮುಂದ?"

"ಇಲ್ಲ."

ಹಗ್ಗವನ್ನು ನಿಧಾನವಾಗಿ ಒಳಗೆ ಬಿಟ್ಟ. ಬಾಟ್ಲಿ ತೆಗೆದುಕೋ ಎಂದು ಕಣ್ಣಿನಿಂದಲೇ ಹೇಳಿದ. ನಾನು ಹನಿ ಬಿಟ್ಟೆ, ಅವನು ಜಗ್ಗಿದ. ಎಣಿಸಲಿಲ್ಲ. ನಾನು ಮನಸ್ಸಿನಲ್ಲಿ ಎಣಿಸಿದೆ, ಉಳಿದ ಒಂಬತ್ತೂ ಸರಿಯಾಗಿ ಜಗ್ಗಿದ, ಒಂದೂ ಕಡಿಮೆ ಮಾಡಲಿಲ್ಲ. ಪ್ಲಗ್ಗು ಬಿಗಿದ. ತಾನು ತಂದ ಬಟ್ಟೆಯಿಂದ ತಲೆಯಿಂದ ಕಾಲಿನ ತನಕ ಒರೆಸಿದ. ಎಂಜಿನ್ನನ್ನು ಎತ್ತಿ ಒಳಗೆ ತಂದು ಮೂಲೆಯಲ್ಲಿ ನಿಲ್ಲಿಸಿದ. ಬೂದಿ ಹಚ್ಚಿ ಕೈ ತೊಳೆದುಕೊಂಡ.

"ಜುಣಕ ಮಾಡೀನಿ, ಬದನಿಕಾಯಿ ಪಲ್ಯ ಐತಿ, ಉಂಡ ಹೋಗು!" ಎಂದೆ. ಆ ಹೊತ್ತಿಗೆ ಬೇರೆ ಮಾತು ಬರುವಂಥ ಹೆಂಗಸಲ್ಲ ನಾನು.

"ಹಸಿವಿಲ್ಲ." ಚೀಲ ಹೆಗಲಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತು ಹೇಳಿದ, "ವೈನಿ, ಅಂವ ಸತ್ತಾಗ ನಾ ಅಳಲಿಲ್ಲ. ಸಾಯೂತನಕ ನನ್ನ ಕಳ್ಳ ಮಾಡಿಟ್ಟಾನಂತ ಸಿಟ್ಟಿತ್ತು. ಮಣ್ಣ ಹಾಕೂಮುಂದೂ ಸಿಟ್ಟಿನಿಂದನ ಹಾಕೀನಿ. ಈಗ ನೋಡಿದರ, ಅಂವನೂ ನನ್ನಂಗ ಮೋಸ ಹೋದಾಂವ."

ಬೈದಿದ್ದರೆ ಬೈಯಿಸಿಕೊಳ್ಳಬಹುದಿತ್ತು.

"ಹೋಗ್ತೀನಿ," ಎಂದ. ಮಧ್ಯಾಹ್ನದ ಬಸ್ಸಿಗೇ ಹೋದ.

ನಮ್ಮ ಕಡೆ ಮನೆಯಿಂದ ಹೊರಟವರು ಹೋಗ್ತೀನಿ ಎನ್ನುವುದಿಲ್ಲ. ಬರ್ತೀನಿ ಎನ್ನುತ್ತಾರೆ. ಜಗಳವಾಡಿ ಹೊರಟವರೂ ಬರ್ತೀನಿ ಎಂದೇ ಕದ ಬಡಿದು ಹೋಗುತ್ತಾರೆ. ನನಗೆ ಮೊದಲು ಅನಿಸಿದ್ದು, ಇವನು ನನ್ನ ಸಂಬಂಧ ಕಡಿದುಕೊಂಡ ಎಂದು. ಹೌಸಕ್ಕ ಗೋಡೆಯ ಮೇಲಿಂದ ತಲೆ ಹಾಕಿ, "ಏನ ಕಾಶಕ್ಕಾ, ಕಡೀಕೂ ಹೇಳಿಬಿಟ್ಟೆಲ್ಲ," ಎಂದಳು. "ಶೇಂಗ ಬಡಿ ನೀ," ಎಂದೆ. ಒಳಗೆ ಬಂದು ಸೀರೆ ಹುಡುಕಿ ಎಂಜಿನ್ನಿಗೆ ಸುತ್ತಿದೆ. ಸುತ್ತುತ್ತಿದ್ದಾಗ ನೆನಪಾಯಿತು. ಬರ್ತೀನಿ ಎನ್ನದೇ ಹೊರಡುವ ಮನೆ ನಮ್ಮಲ್ಲಿ ಒಂದಿದೆ. ಸಾವಾದ ಮನೆ. ಅಲ್ಲಿಂದ ಹೊರಟವರು ಬರ್ತೀನಿ ಎನ್ನಬಾರದು.

ನಮ್ಮವರು ಸತ್ತು ನನಗೆ ನಾಲ್ಕು ವರ್ಷ. ಬಾಳಪ್ಪನಿಗೆ ಅಣ್ಣ ಸತ್ತದ್ದು ಅವತ್ತು.

ಸತ್ತವರ ಮನೆಗೆ ರಕ್ತಸಂಬಂಧದವರು ಮೂರನೆಯ ದಿನ ಮತ್ತೆ ಬರುತ್ತಾರೆ, ಅದು ಪದ್ಧತಿ. ಅವನು ಪದ್ಧತಿ ಬಿಡುವವನಲ್ಲ. ನಾನು ಮೂರು ದಿನ ಎಲ್ಲಿಗೂ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇಬ್ಬರಿಗಾಗುವಷ್ಟು ಅನ್ನಕ್ಕಿಟ್ಟೆ, ಕದ ತೆರೆದಿಟ್ಟು ಹೊಸ್ತಿಲಲ್ಲಿ ಕುಳಿತೆ. ಬೆಳಗಿನ ಬಸ್ಸು ಬಂತು, ಮಧ್ಯಾಹ್ನದ್ದು ಬಂತು, ಸಂಜೆಯದೂ ಬಂತು. ಇಳಿದವರೆಲ್ಲ ಸೇತುವೆಯ ಕಡೆ ನಡೆದರು. ಎದ್ದು ಕದ ಮುಂದೆ ಮಾಡಿ, ತಣ್ಣಗಾದ ಅನ್ನವನ್ನು ಒಬ್ಬಳೇ ಉಂಡೆ.